ಕ್ಯಾನ್ಸರಿಗೆ ಜಾತಕ ನೋಡಿದ ಶ್ರೀನಿವಾಸಯ್ಯ

ಚಾಮರಾಜಪೇಟೆಯ ನಮ್ಮ ಬೀದಿಯಲ್ಲಿ ಶ್ರೀನಿವಾಸಯ್ಯನವರು ಕೂಡಿಸದ ಮದುವೆ ಕಡಿಮೆ. ನನ್ನದನ್ನೂ ಅವರೇ ಕೂಡಿಸಿದ್ದು. ಆ ಬಗ್ಗೆ ನನಗೊಂದು ಸಣ್ಣ ತಕರಾರಿದೆ, ಅದು ಇಲ್ಲಿ ಬೇಡ. ನಲವತ್ತು ವರ್ಷ ಜಾತಕ ನೋಡಿದ ಮನುಷ್ಯ. ಗಂಟು ಹಾಕುವುದಷ್ಟೇ ನನ್ನ ಕೆಲಸ, ಬಿಚ್ಚುವುದಲ್ಲ ಎಂದು ಬಂದವರಿಗೆಲ್ಲ ಹೇಳುತ್ತಿದ್ದರು. ಈ ಹಟ ಅವರ ಪ್ರಾಣಕ್ಕೇ ಕುತ್ತು ತರುವುದರಲ್ಲಿತ್ತು.

ಎಪ್ಪತ್ತಮೂರನೆಯ ವಯಸ್ಸಿಗೆ ಅವರಿಗೆ ಪ್ರಾಸ್ಟೇಟ್ ಕ್ಯಾನ್ಸರ್ ಬಂತು. ಹಳೆಯ ಮಾತ್ರೆಗಳು ಕೈಕೊಟ್ಟವು. ಉಳಿದದ್ದು ಇನ್ನೂ ಪ್ರಯೋಗದ ಹಂತದಲ್ಲಿದ್ದ ಒಂದು ಔಷಧಿ. ಶುಕ್ರವಾರದೊಳಗೆ ಒಪ್ಪಿಗೆ ಪತ್ರಕ್ಕೆ ಸಹಿ ಬೇಕಿತ್ತು. ಅದನ್ನು ವಿವರಿಸಲು ಅವರ ತಂಗಿಯ ಮೊಮ್ಮಗಳು, ಲ್ಯಾಬಿನಲ್ಲಿ ಕೆಲಸ ಮಾಡುವ ತನ್ಮಯಿ, ಗುರುವಾರ ಬಂದಳು. ನಾನೂ ಅಲ್ಲೇ ಕಾಫಿ ಕುಡಿಯುತ್ತ ಕೂತಿದ್ದೆ.

“ತಾತ, ನಿಮ್ಮ ಕ್ಯಾನ್ಸರ್ ಜೀವಕೋಶದೊಳಗೆ ಎರಡು ಪ್ರೋಟೀನ್ ಇವೆ. ಅವೆರಡೂ ಕೈ ಹಿಡ್ಕೊಂಡ್ರೆ ಗಡ್ಡೆ ಬೆಳಿಯುತ್ತೆ. ಈ ಔಷಧಿ ಮಧ್ಯೆ ಹೋಗಿ ಅವನ್ನ ಬಿಡಿಸುತ್ತೆ.”

ಪಾಪ, ಯಾರ ಮುಂದೆ ಏನು ಹೇಳುತ್ತಿದ್ದೇನೆಂದು ಹುಡುಗಿಗೆ ಹೊಳೆಯಲಿಲ್ಲ.

“ಬಿಡಿಸೋದಾ? ಕೂಡ್ಕೊಂಡಿರೋ ಜೋಡೀನಾ? ಅದೂ ನನ್ನ ಕೈಲಿ ಸಹಿ ಹಾಕಿಸಿ?”

“ತಾತ, ಅವೇನು ಗಂಡ ಹೆಂಡ್ತೀನಾ!”

“ನೋಡೋಣ. ಹೆಸರು ಹೇಳು.”

ಹುಟ್ಟಿದ ಹೊತ್ತು ಗೊತ್ತಿಲ್ಲದವರಿಗೆ ಹೆಸರಿನ ಮೊದಲ ಅಕ್ಷರದಿಂದ ನಕ್ಷತ್ರ ಹಿಡಿಯುವ ಪದ್ಧತಿ ಉಂಟು. ನಾಲಗೆ ಹೊರಳದ ಆ ಎರಡು ಹೆಸರುಗಳಿಗೂ ನಕ್ಷತ್ರ ಸಿಕ್ಕಿತು. ಪಂಚಾಂಗ ತೆರೆದು ಗುಣ ಎಣಿಸಿದರು. ಮೂವತ್ತಾರಕ್ಕೆ ಮೂವತ್ತೊಂದು! ನನ್ನ ಮದುವೆಗೆ ಬಂದದ್ದು ಹತ್ತೊಂಬತ್ತು. ಕ್ಯಾನ್ಸರನ್ನು ನೋಡಿ ಹೊಟ್ಟೆ ಉರಿದುಕೊಂಡವನು ಈ ಊರಿನಲ್ಲಿ ನಾನೊಬ್ಬನೇ ಇರಬೇಕು.

“ಇಂಥ ಜೋಡಿ ಒಡೆದ್ರೆ ಪಾಪ ಸುತ್ಕೊಳ್ಳುತ್ತೆ,” ಎಂದು ಶ್ರೀನಿವಾಸಯ್ಯನವರು ಪೆನ್ನಿನ ಮುಚ್ಚಳ ಹಾಕಿಬಿಟ್ಟರು. ತನ್ಮಯಿಗೆ ಅಳು ಬಂತು. ನನಗೂ ಹೆದರಿಕೆಯಾಯಿತು, ಸುಳ್ಳೇಕೆ ಹೇಳಲಿ.

ಅಷ್ಟರಲ್ಲಿ ಅವರ ಹೆಂಡತಿ ಅಂಬುಜಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಅಡುಗೆಮನೆಯಿಂದ ಬಂದರು.

“ತನ್ಮಯಿ, ಅವೆರಡೂ ಹುಟ್ಟೋದೆಲ್ಲಿ?”

“ಒಂದೇ ಜೀವಕೋಶದಲ್ಲಿ, ಅಜ್ಜಿ.”

“ಒಂದೇ ಮನೇಲಿ! ಅಂದ್ರೆ ಸಗೋತ್ರ. ರೀ, ಅಣ್ಣ ತಂಗಿಗೆ ಗುಣ ಎಣಿಸ್ತಾ ಕೂತಿದೀರಲ್ಲ, ನಾಚಿಕೆ ಆಗಲ್ವಾ?”

ಶ್ರೀನಿವಾಸಯ್ಯನವರ ಮುಖ ಬಿಳಿಚಿಕೊಂಡಿತು. ಗೋತ್ರ ಕೇಳದೆ ಅವರು ಪಂಚಾಂಗ ತೆರೆದದ್ದು ಜೀವಮಾನದಲ್ಲಿ ಅದೇ ಮೊದಲು. ಕನ್ನಡಕ ಒರೆಸಿದರು, ಮತ್ತೆ ಹಾಕಿಕೊಂಡರು, ಮೂರು ಕಡೆ ಸಹಿ ಹಾಕಿದರು.

ಶುಕ್ರವಾರ ಗಂಡ ಹೆಂಡತಿ ಇಬ್ಬರನ್ನೂ ಆಸ್ಪತ್ರೆಗೆ ನಾನೇ ಕರೆದುಕೊಂಡು ಹೋದೆ. ಏನಾದರೂ ಕೇಳುವುದಿದೆಯೇ ಎಂದು ಡಾಕ್ಟರು ಶ್ರೀನಿವಾಸಯ್ಯನವರನ್ನು ವಿಚಾರಿಸಿದರು.

“ಬಿಡಿಸಿದ್ಮೇಲೆ ಅವು ಸುಮ್ನಿರ್ತವಾ?”

“ಹೇಳಕ್ಕಾಗಲ್ಲ ಸರ್. ಎಷ್ಟೋ ಸಲ ಬೇರೆ ಜೊತೆ ಹುಡುಕ್ಕೊಳ್ತವೆ.”

ಮುರಿದ ಸಂಬಂಧ ಎಷ್ಟು ಬೇಗ ಇನ್ನೊಂದು ಕಡೆ ಕುದುರುತ್ತದೆಂದು ಶ್ರೀನಿವಾಸಯ್ಯನವರಿಗಿಂತ ಚೆನ್ನಾಗಿ ಬಲ್ಲವರು ಯಾರು! ನಾಲ್ಕು ಜನರೆದುರು ಹೆಂಡತಿಯ ಪಕ್ಕ ಕೂರಲೂ ಸಂಕೋಚಪಡುವ ಮನುಷ್ಯ ಅಂಬುಜಮ್ಮನ ಕೈ ಗಟ್ಟಿಯಾಗಿ ಹಿಡಿದುಕೊಂಡರು.

“ಹಾಗಾದ್ರೆ ಇವತ್ತೇ ಶುರು ಮಾಡಿ ಡಾಕ್ಟ್ರೇ. ನಂಗೆ ಇವಳನ್ನ ಬಿಟ್ಟು ಹೋಗಕ್ಕೆ ಇಷ್ಟ ಇಲ್ಲ.”