ಆ ಹೆಸರಿನ ಒಬ್ಬ ಮುದುಕಿ

ಮೊದಲ ಮಗಳಿಗೆ ನಾದಿನಿ ಮೊಬೈಲಿನಲ್ಲಿ ಹುಡುಕಿ ಹೆಸರಿಟ್ಟಿದ್ದಳು. ಯಾರಿಗೂ ಇಲ್ಲದ ಹೆಸರು ಎಂದು ನಾನೂ ಬೀಗಿದ್ದೆ. ಬಬ್ಬೂರಿನ ಅಂಗನವಾಡಿಗೆ ಚುಚ್ಚುಮದ್ದಿಗೆ ಹೋದ ದಿನ ಆ ಹೆಸರು ಕೂಗಿದರೆ ನಾಲ್ಕು ತಾಯಂದಿರು ಎದ್ದು ನಿಂತರು. ವರ್ಷ ತುಂಬುವ ಮೊದಲೇ ಮಗು ಜ್ವರದಲ್ಲಿ ಹೋಯಿತು. ಹೆಸರು ಮಾತ್ರ ಊರಲ್ಲೇ ಉಳಿಯಿತು. ಸಂಜೆ ಯಾರಾದರೂ ತಮ್ಮ ಮಗುವನ್ನು ಆ ಹೆಸರು ಹಿಡಿದು ಕೂಗಿದರೆ ನಾನು ಬಾಗಿಲು ಹಾಕಿಕೊಳ್ಳುತ್ತಿದ್ದೆ.

ಎರಡನೆಯವಳು ದಿನ ತುಂಬುವ ಮೊದಲೇ ಹುಟ್ಟಿದಳು. ಚಿತ್ರದುರ್ಗದ ಆಸ್ಪತ್ರೆಯಲ್ಲಿ ಗಾಜಿನ ಪೆಟ್ಟಿಗೆಯಲ್ಲಿಟ್ಟರು. ನಾದಿನಿ ಮತ್ತೆ ಮೊಬೈಲು ಹಿಡಿದು ಬಂದಳು. ಈಗ ಎಲ್ಲರೂ ಇದನ್ನೇ ಇಡುತ್ತಿದ್ದಾರೆ ಎಂದಳು. ನನಗೆ ಮೈಯೆಲ್ಲ ಉರಿಯಿತು.

"ಆ ಹೆಸ್ರಿನ ಒಬ್ಬ ಮುದುಕೀನ ತೋರ್ಸು. ಆಮೇಲೆ ಇಡ್ತೀನಿ," ಅಂದೆ.

ಹುಚ್ಚೆನ್ನಿ ಬೇಕಾದರೆ. ಆ ಹೆಸರಿನವರು ಹಲ್ಲುದುರುವ ತನಕ ಬದುಕಿರಬೇಕು, ಅಷ್ಟೇ ನನ್ನ ಲೆಕ್ಕ. ವರಾಂಡದಲ್ಲಿ ಕುಂತ ಮುದುಕಿಯರನ್ನೆಲ್ಲ ಹೆಸರು ಕೇಳಿದೆ. ಒಂದೇ ಹೆಸರು ಮತ್ತೆ ಮತ್ತೆ ಬಂತು. ನಮ್ಮ ಬೀದಿಯಲ್ಲೂ ಆ ಹೆಸರಿನ ಅಜ್ಜಿಯರಿದ್ದಾರೆ, ಶಾಲೆಗೆ ಹೋಗುವ ಹುಡುಗಿಯೂ ಇದ್ದಾಳೆ. ಆದರೆ ಅದು ನಮ್ಮ ಅತ್ತೆಯ ಹೆಸರು. ನಮ್ಮಲ್ಲಿ ಸೊಸೆ ಅತ್ತೆಯ ಹೆಸರನ್ನು ಬಾಯಲ್ಲಿ ತರುವಂತಿಲ್ಲ. ಅಜ್ಜಿಯ ಹೆಸರಿಟ್ಟ ಮನೆಗಳಲ್ಲಿ ತಾಯಿ ಸಾಯುವ ತನಕ ಮಗಳನ್ನು ಪುಟ್ಟಿ ಎಂದೇ ಕರೆಯುತ್ತಾಳೆ.

ಆದರೂ ಅದೇ ಹೆಸರಿಡುತ್ತೇನೆ ಎಂದು ಅತ್ತೆಗೆ ಗಂಡನ ಕೈಲಿ ಹೇಳಿಸಿದೆ. ಹರಿಯಬ್ಬೆ ಕಡೆ ಕುರಿ ಹಿಂದೆ ನಡೆದೇ ಬೆಳೆದ ಹೆಂಗಸು ಅತ್ತೆ. ಕೇಳಿಸಿಕೊಂಡು, ಎದ್ದು ಹೋಗಿ ಗಾಜಿನ ಬಾಗಿಲಾಚೆಯಿಂದ ಮಗುವಿನ ಪೆಟ್ಟಿಗೆ ನೋಡುತ್ತ ನಿಂತರು.

ಮರುದಿನ ಮಗು ತೀರಾ ಸೊರಗಿತು. ನರ್ಸ್ ನನ್ನನ್ನೂ ಅತ್ತೆಯನ್ನೂ ಒಳಗೆ ಬಿಟ್ಟು, ತಾಯಿಯ ದನಿ ಕೇಳಲಿ, ಮಾತಾಡಿಸಿ ಎಂದರು. ಪುಟ್ಟಿ, ಪುಟ್ಟಿ ಎನ್ನುತ್ತಿದ್ದೆ. ಇದೂ ಹೋಗುತ್ತದೆ ಎಂದೇ ಒಳಗೆ ಅನಿಸುತ್ತಿತ್ತು.

"ಪುಟ್ಟಿ ಅಂದ್ರೆ ಯಾರಂತ ತಿಳ್ಕಂತೈತೆ ಅದು?" ಅಂದರು ಅತ್ತೆ. "ಹೆಸ್ರು ಹಿಡ್ದು ಕೂಗವ್ವ. ಅದು ಇನ್ಮ್ಯಾಲೆ ನಂದಲ್ಲ."

ಮದುವೆಯಾದ ಮೇಲೆ ಮೊದಲ ಸಲ ಆ ಹೆಸರು ನನ್ನ ನಾಲಿಗೆಗೆ ಬಂತು. ಮಗು ಅಲುಗಲಿಲ್ಲ. ಗಂಟಲು ಕಿತ್ತುಬರುವಂತೆ ಇನ್ನೊಂದು ಸಲ ಕೂಗಿದೆ.

ಪಕ್ಕದಲ್ಲಿದ್ದ ಅತ್ತೆ, ಒಂದು ಜನ್ಮದ ಅಭ್ಯಾಸ, "ಓ" ಅಂದರು. ಕೂಡಲೇ ಸೆರಗಿನಿಂದ ಬಾಯಿ ಮುಚ್ಚಿಕೊಂಡು, ಪೆಟ್ಟಿಗೆಯ ಕಡೆ ಕೈ ತೋರಿಸಿ, ಮತ್ತೆ ಕೂಗು ಎಂದು ಸನ್ನೆ ಮಾಡಿದರು.