ದಾವಲಕಾಕಾನ ಬೂದಿ ಬೆರಳು

ದಾವಲಕಾಕಾನ ಬಲಗೈಯ ಹೆಬ್ಬೆರಳು ಮತ್ತು ತೋರುಬೆರಳು ಯಾವಾಗಲೂ ಬೂದುಬಣ್ಣಕ್ಕಿರುತ್ತಿದ್ದವು. ಮದುವೆ ಮನೆಯ ಊಟಕ್ಕೆ ಕೂತಾಗಲೂ ಅಷ್ಟೇ, ರಂಜಾನ್ ಹಬ್ಬದ ದಿನ ಇಸ್ತ್ರಿ ಮಾಡಿದ ಬಿಳಿ ಜುಬ್ಬಾ ತೊಟ್ಟು ನಮ್ಮ ಮನೆಗೆ ಶಾವಿಗೆಯ ಸುರಕುಂಬಾ ತಂದಾಗಲೂ ಅಷ್ಟೇ. ಒಲೆಯ ಬೂದಿಯನ್ನು ತೆಳು ಬಟ್ಟೆಯಲ್ಲಿ ಸೋಸಿ, ತಂಬಾಕಿನ ಹಳೆಯ ಡಬ್ಬಿಯಲ್ಲಿ ತುಂಬಿ ಕಿಸೆಯಲ್ಲಿಟ್ಟುಕೊಂಡೇ ಓಡಾಡುತ್ತಿದ್ದ. ಇಳಕಲ್ಲಿನ ನೇಕಾರರ ಓಣಿಗಳಲ್ಲಿ ಅವನದು ಕೆಚ್ಚುವ ಕೆಲಸ. ಮಗ್ಗದ ಮೇಲೆ ಉದ್ದಕ್ಕೆ ಬಿಗಿದ ನೂಲಿನ ಹಾಸು ಮುಗಿಯುತ್ತ ಬಂದಾಗ, ಹೊಸ ಹಾಸಿನ ಒಂದೊಂದು ಎಳೆಯನ್ನೂ ಹಳೆಯ ಎಳೆಯ ತುದಿಗೆ ಹೊಸೆದು ಕೂಡಿಸಬೇಕು. ಗಂಟು ಹಾಕುವ ಹಾಗಿಲ್ಲ, ಗಂಟು ಮಗ್ಗದ ಹಣಿಗೆಯ ಹಲ್ಲುಗಳಲ್ಲಿ ತೂರುವುದಿಲ್ಲ. ಬೆರಳಿಗೆ ಚಿಟಿಕೆ ಬೂದಿ ಹಚ್ಚಿಕೊಂಡು, ಎರಡೂ ತುದಿ ಹಿಡಿದು ಹೊಸೆದು ಮಡಚಿಬಿಡಬೇಕು. ಒಂದೊಂದು ಹಾಸಿನಲ್ಲೂ ಸಾವಿರಾರು ಎಳೆ. ಕಾಕಾ ಮಗ್ಗದ ಹಿಂದೆ ಕೂತನೆಂದರೆ ಅವನ ಬೆರಳು ಕಾಣುತ್ತಿರಲಿಲ್ಲ, ಬರೀ ಎಳೆ ಅಲುಗಾಡುವುದು ಕಾಣುತ್ತಿತ್ತು.

ನಾನು ಹೈಸ್ಕೂಲಿನ ಕನ್ನಡ ಮಾಸ್ತರ. ಜೊತೆಗೆ ಕುಡುಕ. ಮೊದಲನೆಯದನ್ನು ಹೇಳಿಕೊಂಡು ತಿರುಗುತ್ತಿದ್ದೆ, ಎರಡನೆಯದನ್ನು ಏಲಕ್ಕಿ, ಲವಂಗ, ಪಾನು ಅಗಿದು ಮುಚ್ಚಿಡುತ್ತಿದ್ದೆ. ಮುಚ್ಚಿಟ್ಟಿದ್ದೇನೆ ಎಂದು ನಂಬಿದ್ದವನು ಇಡೀ ಇಳಕಲ್ಲಿನಲ್ಲಿ ನಾನೊಬ್ಬನೇ. ಒಂದು ರವಿವಾರ ಮಧ್ಯಾಹ್ನ ಬಸ್‌ಸ್ಟ್ಯಾಂಡಿನ ಹಿಂದಿನ ಕಟ್ಟೆಯ ಮೇಲೆ ಕೂತಿದ್ದೆ. ಒಂದು ಕಾಲಲ್ಲಿ ಚಪ್ಪಲಿ ಇತ್ತು, ಇನ್ನೊಂದರಲ್ಲಿ ಇರಲಿಲ್ಲ. ಅದೆಲ್ಲಿ ಹೋಯಿತು ಎಂಬ ಯೋಚನೆಯೂ ನನಗಿರಲಿಲ್ಲ. ಯಾರೋ ಕಾಲ ಹತ್ತಿರ ಬಗ್ಗಿದಂತಾಯಿತು. ನೋಡಿದರೆ ದಾವಲಕಾಕಾ. ಕಳೆದುಹೋದ ಚಪ್ಪಲಿಯನ್ನು ಎಲ್ಲಿಂದಲೋ ಹುಡುಕಿ ತಂದು ನನ್ನ ಕಾಲ ಮುಂದೆ ಇಟ್ಟಿದ್ದ.

"ಹಾಕ್ಕೋರಿ ಮಾಸ್ತರ," ಅಂದ. "ಮತ್ತ ಸಂಜೀಕ ನಮ್ಮ ಮನಿಗೆ ಬರ್ರಿ. ಎರಡ ಕೈ ಕಮ್ಮಿ ಬಿದ್ದಾವು."

"ಎದಕ್ಕ?"

"ಕೆಲಸಕ್ಕರೀ. ಮತ್ತೆದಕ್ಕ?"

ಬುದ್ಧಿ ಹೇಳಿದ್ದರೆ ನಾನು ಹೋಗುತ್ತಿರಲಿಲ್ಲ. ಬುದ್ಧಿ ಹೇಳುವುದು ನನ್ನ ಕಸುಬು, ಅದರ ಬೆಲೆ ನನಗೆ ಗೊತ್ತು. ಕೆಲಸ ಅಂದದ್ದಕ್ಕೆ ಹೋದೆ. ಕಾಕಾ ಮಗ್ರಿಬ್ ನಮಾಜು ಮುಗಿಸಿ ಬಂದು ಚಾಪೆ ಹಾಸಿ, ಹರಿದ ಎಳೆಗಳ ಒಂದು ಕಟ್ಟನ್ನು ನನ್ನ ಮುಂದೆ ಇಟ್ಟ. ಕೆಚ್ಚುವುದನ್ನು ತೋರಿಸಿಕೊಟ್ಟ. ನನ್ನ ಕೈ ಹೇಗೆ ನಡುಗುತ್ತಿತ್ತೆಂದರೆ ಬೂದಿಯೆಲ್ಲ ಪಾಯಜಾಮಾದ ಮೇಲೆ. ಒಂದು ತಾಸು ಒದ್ದಾಡಿ ಹನ್ನೊಂದು ಎಳೆ ಕೂಡಿಸಿದೆ. ಕಾಕಾ ಒಂದೊಂದನ್ನೇ ಮೆಲ್ಲಗೆ ಜಗ್ಗಿ ನೋಡಿದ. ಹನ್ನೊಂದೂ ಬಿಚ್ಚಿಕೊಂಡವು.

"ಭಾಳ ಚಲೋ ಆತು," ಅಂದ.

"ಏನ್ ಚಲೋ ಕಾಕಾ? ಒಂದೂ ನಿಲ್ಲಲಿಲ್ಲಲಾ!"

"ಒಂದ ತಾಸು ಹೋತಲ್ರಿ ಮಾಸ್ತರ."

ಕಾಕಾನ ಲೆಕ್ಕಾಚಾರವೆಲ್ಲ ಆ ಒಂದು ತಾಸಿನದೇ. ಹೊತ್ತು ಮುಳುಗಿ ದೀಪ ಹಚ್ಚುವ ಆ ಹೊತ್ತಿಗೆ ಅವನು ಇಟ್ಟ ಹೆಸರು 'ಹಡಬಿಟ್ಟಿ ತಾಸು', ಅಂದರೆ ಕೆಲಸಕ್ಕೆ ಬಾರದ ಪೋಲಿ ಹೊತ್ತು. "ಹಗಲೆಲ್ಲಾ ಯಾಂವ ಬೇಕಾದ್ರೂ ಶಾಣ್ಯಾ ಇರತಾನ್ರಿ. ಈ ಹಡಬಿಟ್ಟಿ ತಾಸು ಬಂತಂದ್ರ ಕಾಲು ತಾವ ದುಕಾನಿ ಕಡೆ ಹೊಂಡತಾವು. ಇದೊಂದ ದಾಟಿಸಿದ್ರ ಉಂಡು ಮಲಗಬಹುದು." ಇಪ್ಪತ್ತು ವರ್ಷ ಕುಡಿದು, ಆಗಲೇ ಹನ್ನೊಂದು ವರ್ಷದಿಂದ ಮುಟ್ಟದೆ ಇದ್ದ ಮನುಷ್ಯನ ಮಾತು ಅದು. ನನಗೆ ಅದನ್ನು ಕೇಳಿ ನಗು ಬರುತ್ತಿತ್ತು, ಕೇಳದಿದ್ದರೆ ಮನೆಗೆ ಹೋಗುವುದಕ್ಕೆ ಮನಸ್ಸಾಗುತ್ತಿರಲಿಲ್ಲ.

ನನ್ನ ಹೆಂಡತಿ ಗಿರಿಜಾಳಿಗೆ ಇದೆಲ್ಲ ಹುಡುಗಾಟ ಅನ್ನಿಸಿತ್ತು. ಸೋಮವಾರ ಮಠಕ್ಕೆ ಕರೆದೊಯ್ದು, ಗದ್ದುಗೆಯ ಮುಂದೆ ತೆಂಗಿನಕಾಯಿ ಹಿಡಿಸಿ ಆಣೆ ಮಾಡಿಸಿಬಿಡಬೇಕು ಎಂದು ಅವಳ ಹಟ. ಕಾಯಿ ತಂದೂ ಇಟ್ಟಿದ್ದಳು. ಕಾಕಾ ಹೊಸಿಲಲ್ಲಿ ನಿಂತು ಕೈ ಮುಗಿದ.

"ಬ್ಯಾಡ್ರೆವ್ವಾ ತಂಗಿ, ಆಣಿ ಮಾತ್ರ ಬ್ಯಾಡ. ನಾ ದರ್ಗಾದಾಗ ಏಳ ಸಲ ಆಣಿ ಮಾಡೀನಿ. ಮುರದಾಗೊಮ್ಮೆ, ಇನ್ನ ದೇವ್ರಿಗೂ ಮಾರಿ ತೋರಸಾಕ ಆಗೂದಿಲ್ಲಂತ ಎರಡ ಪಟ್ಟು ಕುಡದೀನಿ. ಸಾವಕಾಶ ಕಮ್ಮಿ ಮಾಡ್ಲಿ. ಆದ್ರ ಡಾಕ್ಟರ್‌ಗೆ ತೋರಿಸಿ ಮಾಡೂಣು. ಇಷ್ಟ ವರ್ಷ ಕುಡದಾವ್ರು ಒಮ್ಮಿಗೇ ಬಿಟ್ರ ಮೈಗೆ ಝಟಕಾ ಬರ್ತಾವು, ನಾ ಅನುಭವಿಸೀನಿ."

ಗಿರಿಜಾ ಆ ಕಾಯಿಯನ್ನು ಚಟ್ನಿಗೆ ಒಡೆದಳು. ಮರುದಿನ ಬೆಳಗಿನ ಬಸ್ಸಿಗೆ ಕಾಕಾ ನನ್ನನ್ನು ನವನಗರದ ಒಂದು ದವಾಖಾನೆಗೆ ಕರೆದೊಯ್ದ. ಡಾಕ್ಟರು ಯಾರಿಗೆ ತೊಂದರೆ ಎಂದು ಕೇಳಿದರು. ನಾನು ತಲೆ ಎತ್ತಲಿಲ್ಲ. ಕಾಕಾ ಹೇಳಿದ: "ಇಬ್ಬರಿಗೂರೀ. ನಾನೂ ನಮ್ಮ ಮಾಸ್ತರೂ ಕೂಡಿ ಕುಡೂದು ಕಮ್ಮಿ ಮಾಡಾಕತ್ತೀವಿ."

ಬರುವಾಗ ಬಸ್ಸಿನಲ್ಲಿ ಕೇಳಿದೆ. "ಅಲ್ಲೋ ಕಾಕಾ, ನೀ ಬಿಟ್ಟು ಹನ್ನೊಂದು ವರ್ಷ ಆತು. ಇಬ್ಬರಿಗೂ ಅಂತ ಯಾಕ ಸುಳ್ಳ ಹೇಳಿದಿ?"

ಅವನು ಕಿಟಕಿಯ ಕಡೆಗೇ ಮುಖ ಮಾಡಿ, "ಬಿಟ್ಟೀನಿ ಅಂತ ಯಾರ್ ಹೇಳಿದ್ರು ನಿಮಗ? ದಿನಾ ಸಂಜೀಕ ಬಿಡಾಕತ್ತೀನ್ರಿ," ಅಂದ. ನಾನು ಅದನ್ನು ತಮಾಷೆ ಎಂದುಕೊಂಡು ನಕ್ಕೆ. ಈಗ ಆ ನಗು ನೆನಪಾದರೆ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ಸ್ವಲ್ಪ ದಿನದಲ್ಲಿ ಯಂಕಪ್ಪನೂ ನಮ್ಮ ಚಾಪೆಗೆ ಬಂದ. ಕೆಂಪು ಕಲ್ಲಿನ ಕ್ವಾರಿಯಲ್ಲಿ ಕೆಲಸ ಮಾಡುವ ಆಳು, ಬಂಡೆ ಎತ್ತಿ ಎತ್ತಿ ಬೆರಳೆಲ್ಲ ಗಡುಸು. ಅವನ ಕೈಯಲ್ಲಿ ಎಳೆ ನಿಲ್ಲುವುದಿರಲಿ, ಕಾಣುತ್ತಲೇ ಇರಲಿಲ್ಲ. ಒಂದು ಸಂಜೆ ಅವನು ಕುಡಿದೇ ಬಂದ. ಒಳಗೆ ಬರಲು ನಾಚಿ ಎದುರಿನ ಗೋಡೆಗೆ ಒರಗಿ ನಿಂತಿದ್ದ. ಕಾಕಾ ಹೋಗಿ ರಟ್ಟೆ ಹಿಡಿದು ಎಳೆದುಕೊಂಡು ಬಂದ. ಅಂದೇ ನಮ್ಮ ಮೂವರಿಗೂ ಒಂದು ಕಟ್ಟಳೆ ಮಾಡಿದ.

"ಲೇ ಯಂಕ್ಯಾ, ಕೇಳ. ಮಾಸ್ತರ, ನೀವೂ ಕೇಳ್ರಿ. ಈ ತಾಸಿನ್ಯಾಗ ಮೂರೂ ಮಂದಿ ಮನಿ ಬಾಗಲಾ ತೆರದಿರಬೇಕು. ಯಾರಿಗೆ ತಡಕೊಳ್ಳಾಕ ಆಗಲಿಲ್ಲೋ ಅಂವ ಇನ್ನೊಬ್ಬರ ಮನಿಗೆ ಹೋಗಿ ಸುಮ್ಮ ಕುಂದರಬೇಕು. ಯಾಕ ಬಂದಿ ಅಂತ ಕೇಳೂಹಂಗಿಲ್ಲ. ಬಂದಾಂವ ಕುಡದಿದ್ರೂ ಒಳಗ ಕರೀಬೇಕು. ಮನ್ಯಾಗಿನಾಂವ ಕುಡದಿದ್ರೂ ಬಾಗಲಾ ಹಾಕಬಾರದು. ಕುಡದ್ರ ಕುಡೀರಿ, ಬಾಗಲಾ ಹಾಕಬ್ಯಾಡ್ರಿ."

ನಾನು, ಯಂಕಪ್ಪ ಎಷ್ಟೋ ಸಲ ಹಾಗೆ ಹೋಗಿ ಕೂತಿದ್ದೇವೆ. ಕಾಕಾ ಮಾತ್ರ ಎಂದೂ ತನಗಾಗಿ ಬಂದವನಲ್ಲ. ನಾವು ಒಂದು ದಿನ ತಪ್ಪಿಸಿದರೆ ಮನೆಗೆ ಬಂದು ಹೊಸಿಲ ಹೊರಗೆ ಎರಡು ಸಲ ಕೆಮ್ಮುತ್ತಿದ್ದ. ಕೆಮ್ಮಿದನೆಂದರೆ ತಪಾಸಣೆ ಎಂದೇ ಅರ್ಥ. ಹಾಗೆಂದು ನಾವು ತಿಳಿದಿದ್ದೆವು.

ಒಂದೂವರೆ ವರ್ಷದಲ್ಲಿ ನನ್ನ ಕುಡಿತ ದಿನದ ಕ್ವಾರ್ಟರಿನಿಂದ ಶನಿವಾರದ ಒಂದು ನೈಂಟಿಗೆ ಇಳಿಯಿತು. ಕೈ ನಡುಗುವುದು ನಿಂತಿತು. ಒಂದು ದಿನ ಕಾಕಾ ನನ್ನನ್ನು ಖರೇ ಮಗ್ಗದ ಹಿಂದೆ ಕೂಡಿಸಿ ಹತ್ತು ಎಳೆ ಕೆಚ್ಚಿಸಿದ. ಆಮೇಲೆ ಹಾಸನ್ನು ಜಗ್ಗುವಾಗ ಮೂಗು ಹಣಿಗೆಗೆ ತಗಲುವಷ್ಟು ಬಗ್ಗಿ ನೋಡಿದ. "ಮಾಸ್ತರ ಹತ್ತೂ ಎಳಿ ದಾಟಿದ್ವು ನೋಡ್ರೆಪಾ!" ಎಂದು ಓಣಿಗೆಲ್ಲ ಕೇಳುವಂತೆ ಕೂಗಿದ. ಎಸ್ಸೆಸ್ಸೆಲ್ಸಿಯಲ್ಲಿ ನಾನೇ ಪಾಸಾದಾಗಲೂ ನಮ್ಮಪ್ಪ ಅಷ್ಟು ಕೂಗಿರಲಿಲ್ಲ.

ಇನ್ನು ಆ ಸಂಜೆಯ ಮಾತು. ಅದನ್ನು ಬರೆಯಬಾರದೆಂದೇ ಇಷ್ಟು ದಿನ ತಳ್ಳಿದ್ದೆ.

ಅಂದು ಶಾಲೆಗೆ ಮೇಲಿನವರು ಬಂದಿದ್ದರು. ಅವರ ಮುಂದೆ ಯಾರೋ ನನ್ನ ಹಳೆಯ ಕಥೆ ಎತ್ತಿ ನಕ್ಕರು. ಶನಿವಾರವಲ್ಲ, ಏನಲ್ಲ, ಮನೆಗೆ ಬರುವ ದಾರಿಯಲ್ಲೇ ಎರಡು ನೈಂಟಿ ಇಳಿಸಿಬಿಟ್ಟೆ. ಗಿರಿಜಾ ನನ್ನ ಮುಖ ನೋಡಿ ರೊಟ್ಟಿ ಬಡಿಯಲು ಕೂತಳು. ಹೊತ್ತು ಮುಳುಗಿತು. ನಮ್ಮ ಹಸಿರು ಬಾಗಿಲು ಅರೆ ತೆರೆದಿತ್ತು. ದೂರದಿಂದ ಕಾಕಾನ ಹೆಜ್ಜೆ ಕೇಳಿಸಿತು. ಅವನದು ಎಡಗಾಲು ಸ್ವಲ್ಪ ಎಳೆಯುವ ನಡಿಗೆ.

"ನಾ ಮನ್ಯಾಗ ಇಲ್ಲಂತ ಹೇಳ," ಅಂದೆ.

"ನೀವ ಹೇಳಕೋರಿ," ಅಂದಳು ಗಿರಿಜಾ. "ನನ್ನ ಬಾಯಾಗ ಆ ಸುಳ್ಳ ಬರೂದಿಲ್ಲ."

ನಾನು ಎದ್ದು ಹೋಗಿ ಬಾಗಿಲು ಮುಚ್ಚಿದೆ. ಸದ್ದಾಗದಂತೆ ಚಿಲಕ ಹಾಕಿದೆ. ಒಳಗೆ ಉಸಿರು ಬಿಗಿಹಿಡಿದು ನಿಂತೆ. ಹೊರಗೆ ಎರಡು ಸಲ ಕೆಮ್ಮು. ಬಾಗಿಲನ್ನು ಕೈಯಿಂದ ಒತ್ತಿದ, ಅದು ಅಲ್ಲಾಡಲಿಲ್ಲ. "ಮಾಸ್ತರ," ಅಂದ. ಬಹಳ ಹೊತ್ತು ಅವನು ಅಲ್ಲೇ ಇದ್ದ, ನನಗೆ ಅವನ ಉಸಿರು ಕೇಳುತ್ತಿತ್ತು. ಆಮೇಲೆ "ತಮ್ಮಾ," ಅಂದ.

ಅಷ್ಟು ದಿನದಲ್ಲಿ ಅವನು ಒಮ್ಮೆಯೂ ನನ್ನನ್ನು ಹಾಗೆ ಕರೆದಿರಲಿಲ್ಲ. ಬಾಗಿಲು ತೆರೆಯಲು ಅದೊಂದೇ ಮಾತು ಸಾಕಿತ್ತು. ಆದರೆ ನನ್ನ ತಲೆಯಲ್ಲಿ ಇದ್ದದ್ದು ನನ್ನ ಬಾಯಿಯ ವಾಸನೆ ಒಂದೇ. ಈ ಮುದುಕ ಇವತ್ತು ಹೇಗೆ ಗಂಟುಬಿದ್ದಿದ್ದಾನೆ ನೋಡು, ಹೋಗಬಾರದೇ ಅಂದುಕೊಂಡೆ. ಎಂಥ ಹಲ್ಕಾ ಮನುಷ್ಯ ನಾನು! ಎಡಗಾಲು ಎಳೆಯುವ ಸದ್ದು ಓಣಿಯ ತುದಿಗೆ ಹೋಯಿತು. ನನಗೆ ಹಾಯೆನ್ನಿಸಿತು.

ಮರುದಿನ ಊರೆಲ್ಲ ಸುದ್ದಿ. ದಾವಲಸಾಬ ಮತ್ತೆ ಶುರು ಮಾಡಿದನಂತೆ. ನಮ್ಮ ಮನೆಯಿಂದ ಅವನು ಯಂಕಪ್ಪನ ಮನೆಗೆ ಹೋಗಿದ್ದ. ಯಂಕಪ್ಪ ಮಗಳ ಊರು ಹುನಗುಂದಕ್ಕೆ ಹೋಗಿದ್ದ, ಬೀಗ ಬಿದ್ದಿತ್ತು. ಆಮೇಲೆ ಉಳಿದದ್ದು ದುಕಾನಿಯ ಬಾಗಿಲೊಂದೇ. ನಾನೂ ಯಂಕಪ್ಪನೂ ದಿನಾ ಸಂಜೆ ಕಾಕಾನ ಚಾಪೆಯ ಮೇಲೆ ಹೋಗಿ ಕೂತೆವು. ಆ ಹೊತ್ತಿಗೆ ಅವನು ಮನೆಯಲ್ಲಿ ಇರುತ್ತಿರಲಿಲ್ಲ. ಹಗಲು ಹುಡುಕಿ ಹಿಡಿದರೆ, "ನಾಳಿಂದ ಬರ್ತೇನ್ರಿ ಮಾಸ್ತರ, ನಾಳಿಂದ," ಅನ್ನುತ್ತಿದ್ದ. ಹಳೆಯ ಕುಡಿತಕ್ಕೆ ಲಿವರು ಮೊದಲೇ ಕೆಟ್ಟಿತ್ತು. ಒಂದು ತಿಂಗಳು ತಡೆಯಲಿಲ್ಲ. ಕಣ್ಣು ಹಳದಿಯಾಗಿ, ಹೊಟ್ಟೆ ಉಬ್ಬಿ, ಅದೇ ನವನಗರದ ದವಾಖಾನೆಗೆ ಸೇರಿಸಿದರು.

ನಾನು ಹೋದಾಗ ಕಾಕಾ ಗೋಡೆಗೆ ಒರಗಿ ಕೂತಿದ್ದ. ಮೊದಲು ಕಂಡದ್ದು ಅವನ ಕೈ. ಯಾರೋ ಸಾಬೂನು ಹಚ್ಚಿ ತೊಳೆದಿದ್ದರು. ಆ ಎರಡು ಬೆರಳು ಬೆಳ್ಳಗೆ, ಬೇರೆ ಯಾರದೋ ಬೆರಳಿನಂತೆ ಹಾಸಿಗೆಯ ಮೇಲೆ ಬಿದ್ದಿದ್ದವು. ಆಗಲೂ, ಆ ಹೊತ್ತಿನಲ್ಲೂ, ನನ್ನ ಬಾಯಿಂದ ಬಂದದ್ದು ಸುಳ್ಳೇ.

"ಕಾಕಾ, ಅವತ್ತ ನೀ ಬಂದಾಗ ನಾ ಮನ್ಯಾಗ ಇರ್ಲಿಲ್ಲ."

ಅವನು ಸಿಟ್ಟಾಗಲಿಲ್ಲ. "ಇದ್ರಿ ಮಾಸ್ತರ," ಅಂದ. "ನಿಮ್ಮ ಚಪ್ಲಿ ಹೊರಗ ಇದ್ವು."

ಅವನೇ ಮುಂದುವರಿಸಿದ. "ನಿಮ್ಮನ್ನ ನೋಡಾಕ ಬಂದಿದ್ದಿಲ್ರಿ ನಾ. ಕುಂದರಾಕ ಬಂದಿದ್ದೆ."

ಹೊರಗೆ ಬಂದಾಗ ಅವನ ಹೆಂಡತಿ ಮಾಬೂಬಿ ಎಲ್ಲ ಹೇಳಿದಳು. ಆ ದಿನ ಒಂದು ಮಗ್ಗದಲ್ಲಿ ಕೆಚ್ಚುತ್ತ ಕೂತಾಗ ಕಾಕಾನ ಕೈ ನಡುಗಿತಂತೆ. ವಯಸ್ಸಿನ ನಡುಕ. ನೇಕಾರ ಎಲ್ಲರೆದುರು, "ಏನ್ ಸಾಬ, ಮತ್ತ ಚಾಲೂ ಮಾಡಿದೇನು?" ಎಂದು ನಕ್ಕನಂತೆ. ಕೂತವರೂ ನಕ್ಕರಂತೆ. "ಹನ್ನೆರಡ ವರ್ಷ ಮುಟ್ಟಿಲ್ರಿ ಮಾಸ್ತರ ಅವ್ರು," ಅಂದಳು ಮಾಬೂಬಿ. "ಅರ್ಧಾ ಹಾಸು ಹಂಗ ಬಿಟ್ಟು ಎದ್ದ ಬಂದ್ರು. ಮಾಸ್ತರ ಮನಿಗೆ ಹೋಗಿ ಕುಂತ ಬರ್ತೇನಿ, ಅಂದ್ರ ಕುಡೀಬೇಕನ್ನೂದು ಇಳೀತೈತಿ ಅಂತ ಹೇಳಿ ಹೋದ್ರು."

ನಾಲ್ಕು ದಿನಕ್ಕೆ ಕಾಕಾ ಹೋಗಿಬಿಟ್ಟ. ಮಣ್ಣಿಗೆ ನೇಕಾರರ ಓಣಿಯೆಲ್ಲ ಬಂದಿತ್ತು, ನಕ್ಕವರೂ ಬಂದಿದ್ದರು. ಬಾಗಿಲು ಹಾಕಿದ ನಾನೂ ಹಿಡಿ ಮಣ್ಣು ಹಾಕಿದೆ.

ನಮ್ಮ ಹಸಿರು ಬಾಗಿಲ ಮೇಲೆ, ಚಿಲಕದ ಎತ್ತರಕ್ಕೆ, ಬೂದಿಯ ಎರಡು ಬೆರಳಿನ ಗುರುತು ಉಳಿದಿದೆ. ಹಬ್ಬಕ್ಕೆ ಬಾಗಿಲು ಒರೆಸುವಾಗ ಗಿರಿಜಾ ಅಷ್ಟು ಜಾಗ ಬಿಟ್ಟು ಒರೆಸುತ್ತಾಳೆ. ಸಂಜೆಯಾದರೆ ಓಣಿಯಲ್ಲಿ ಯಾರು ಕೆಮ್ಮಿದರೂ ನಾನು ಎದ್ದು ನಿಲ್ಲುತ್ತೇನೆ. ಎಷ್ಟೋ ಸಲ ಯಾರೂ ಕೆಮ್ಮದಿದ್ದರೂ ಎದ್ದಿದ್ದೇನೆ. "ಕುಂದರ್ರಿ, ಯಾರೂ ಬಂದಿಲ್ಲ," ಅನ್ನುತ್ತಾಳೆ ಗಿರಿಜಾ. ಆದರೂ ಎಡಗಾಲು ಎಳೆಯುವ ಸದ್ದು ಬಾಗಿಲತನಕ ಬಂದು ಅಲ್ಲೇ ನಿಂತಿರುತ್ತದೆ.

ಹೋದ ತಿಂಗಳು ಒಂದು ದಿನ ನಾನು ಕುಡಿದಿದ್ದೆ. ಹೌದು, ಈಗಲೂ ತಪ್ಪುತ್ತೇನೆ. ಆ ತಾಸಿನಲ್ಲಿ ಹೊರಗೆ ಯಾರೋ ನಿಂತಂತಾಯಿತು. ಬಾಯಿ ನಾರುತ್ತಿತ್ತು, ನಾಚಿಕೆ ಇತ್ತು, ಎಲ್ಲ ಅಂದಿನಂತೆಯೇ ಇತ್ತು. ಬಾಗಿಲು ಮಾತ್ರ ತೆರೆದಿತ್ತು. ಹೋಗಿ ನೋಡಿದೆ. ಯಂಕಪ್ಪ. ಕಣ್ಣು ಕೆಂಪಗಿದ್ದವು, ಕುಡಿದಿರಲಿಲ್ಲ. ನನ್ನ ವಾಸನೆ ಅವನ ಮೂಗಿಗೆ ಹತ್ತಿತು.

"ಕುಡದೀರೇನ್ರಿ ಮಾಸ್ತರ?"

"ಹೂಂನೋ. ಕುಡದೀನಿ."

ಅವನು ಹೊಸಿಲಲ್ಲೇ ಅನುಮಾನಿಸಿ ನಿಂತ. "ಕರೀಲೋ ಬ್ಯಾಡೋ ಅಂತ ಭಾಳೊತ್ತು ಹೊರಗ ನಿಂತಿದ್ದೆರಿ. ನೀವು ಮನ್ಯಾಗ ಅದೀರೋ ಇಲ್ಲೋ ಅಂತ..." ತಲೆ ಕೆರೆದುಕೊಂಡು ನಕ್ಕ. "ಆಮ್ಯಾಗ ಚಪ್ಲಿ ನೋಡಿದೆ. ಅದೀರಿ ಅಂತ ಗೊತ್ತಾತು."

ಯಂಕಪ್ಪನ ರಟ್ಟೆ ಹಿಡಿದು ಒಳಗೆ ಎಳೆದುಕೊಂಡೆ.