ದಾರಂದ ಎಂದರೇನೆಂದು ನಾನು ಕೇಳಲಿಲ್ಲ

ಕನ್ನಡ ನಾಡಿನಲ್ಲೇ ಬಸ್ಸು ಹತ್ತಿ ಕನ್ನಡ ನಾಡಿನಲ್ಲೇ ಇಳಿದವನಿಗೆ ಕನ್ನಡವೇ ತಿಳಿಯದಿದ್ದರೆ? ಬೈಂದೂರಿಗೆ ಬಂದ ದಿನ ಮರಗೆಲಸದ ಅಂಗಡಿಯ ಯಜಮಾನರು, "ಆಸ್ರಿ ಬೇಕಾ?" ಎಂದರು. ಯಾವುದೋ ಹತಾರ ಇರಬೇಕೆಂದು ಬೇಡವೆಂದೆ. ಎಲ್ಲರೂ ಚಹಾ ಕುಡಿದರು. ನಾನು ಒಣಗಿದ ಬಾಯಲ್ಲೇ ಸಂಜೆಯವರೆಗೆ ಹಲಗೆ ಉಜ್ಜಿದೆ.

ನಾನು ಗದಗದ ಕಡೆಯ ಬಡಿಗ. ನಮ್ಮಲ್ಲಿ ಬಟ್ಟೆ ಒಗೆದು ಹರವಿದರೆ ತಾಸಿಗೆ ಗರಿಗರಿ. ಇಲ್ಲಿ ಮಳೆಗಾಲದಲ್ಲಿ ಹಾಸಿಗೆಯೂ ಬೆವರುತ್ತದೆ. ರೊಟ್ಟಿ ಹೋಗಿ ಕುಚ್ಚಲಕ್ಕಿ ಅನ್ನ ಬಂತು. ಅದಕ್ಕೆ ಹೊಟ್ಟೆ ಒಗ್ಗಿತು, ಕಿವಿ ಒಗ್ಗಲಿಲ್ಲ. ತಿಳಿಯದ್ದನ್ನು ಕೇಳಿದರೆ ನಗುತ್ತಾರೆಂದು ಎಲ್ಲದಕ್ಕೂ ತಲೆಯಾಡಿಸುವುದು ರೂಢಿಯಾಯಿತು.

ಮೂರನೆಯ ವಾರ ಮರವಂತೆಯಿಂದ ಕರೆ ಬಂತು. ಯಜಮಾನರಿಗೆ ಜ್ವರ, ನನ್ನೊಬ್ಬನನ್ನೇ ಕಳಿಸಿದರು. ಅಲ್ಲಿ ಮೀನು ಮಾರುವ ಮುತ್ತಕ್ಕನ ಮನೆಯಂಗಳದ ತೆಂಗಿನ ಮರಗಳನ್ನು ಕಡಲು ಆಗಲೇ ನುಂಗಿತ್ತು. ಮನೆ ಉಳಿಯುವುದಿಲ್ಲವೆಂದು ಆಕೆ ಉಪ್ಪುಂದದಲ್ಲಿ ಬಾಡಿಗೆಗೆ ಕೋಣೆ ಹಿಡಿದಿದ್ದರು.

"ಹ್ವಾಯ್ ಆಚಾರ್ರೆ, ಬ್ಯಾರೆ ಎಂತದೂ ಬ್ಯಾಡ. ದಾರಂದ ಒಂದ್ ತೆಗ್ದ್ ಕೊಡಿ. ನಾನ್ ಪಾತ್ರೆ-ಪರಡಿ ಉಪ್ಪುಂದಕ್ಕೆ ಹಾಕಿ ಬತ್ತೆ."

ತಲೆಯಾಡಿಸಿದೆ. ದಾರಂದ ಅಂದರೆ ದರವಾಜವೇ ಇರಬೇಕು ಎಂದುಕೊಂಡೆ. ಎರಡು ಕದಗಳನ್ನೂ ಕಳಚಿ ರಸ್ತೆಯ ಬದಿಗೆ ಒರಗಿಸಿ, ಆಕೆ ಬರುವವರೆಗೆ ಎರಡು ತಾಸು ಸುಮ್ಮನೆ ಕೂತೆ. ಕೈಯಲ್ಲಿ ಹಾರೆಯಿತ್ತು, ಸಮಯವೂ ಇತ್ತು.

ಮುತ್ತಕ್ಕ ಬಂದವರೇ ಕದಗಳನ್ನು ನೋಡಿದರು, ಮನೆಯನ್ನು ನೋಡಿದರು. "ದಾರಂದ ಎಲ್ಲಿತ್ತ್?"

ಕದ ತೋರಿಸಿದೆ. ಆಕೆ ಓಡಿಹೋಗಿ, ಗೋಡೆಯಲ್ಲೇ ನಿಂತಿದ್ದ ಹಲಸಿನ ಮರದ ಚೌಕಟ್ಟನ್ನು ಎರಡೂ ಕೈಯಿಂದ ತಬ್ಬಿಕೊಂಡರು. ನಾವು ಚೌಕಟ್ಟು ಅನ್ನುವುದೇ ಇಲ್ಲಿ ದಾರಂದ. ಆಗ ತಿಳಿಯಿತು.

ಅಷ್ಟರಲ್ಲಿ ಅಲೆಗಳು ಅಡಿಪಾಯದ ಮಣ್ಣು ಕೊರೆಯುತ್ತಿದ್ದವು. ನೆರೆಯವರು ಆಕೆಯನ್ನು ಎಳೆದು ತಂದರು. ನಾನು ಹಾರೆ ಹಿಡಿದು ನುಗ್ಗಿದೆ. ಕೆಂಪುಕಲ್ಲಿಗೆ ಐದಾರು ಏಟು ಬಿದ್ದಿರಬೇಕು, ಮೂಲೆಯಲ್ಲಿ ಗೋಡೆ ಬಿರಿಯಿತು. ಯಾರೋ ನನ್ನ ಅಂಗಿ ಹಿಡಿದು ಹೊರಗೆಳೆದರು. ಗೋಡೆ ಕಡಲಿನತ್ತ ವಾಲಿ ಕುಸಿಯಿತು. ಚೌಕಟ್ಟೂ ಅದರೊಂದಿಗೆ ಹೋಯಿತು.

ಮುತ್ತಕ್ಕ ಬೈಯಲಿಲ್ಲ. ಮರಳಿನ ಮೇಲೆ ಕೂತು ಹೇಳಿದರು: "ನಮ್ಮನಿಯವ್ರ್ ಕಡಲಿಗೆ ಹೋಪತಿಗೆ ದಾರಂದಕ್ಕೆ ಕೈ ಕೊಟ್ಟೇ ಮೆಟ್ಲ್ ಇಳಿತಿದ್ರ್. ಅಲ್ಲಿ ಮರ ಸವ್ದಿತ್ತ್. ಅವ್ರ್ ಹೆಣವೂ ಸಿಕ್ಲಿಲ್ಲ. ನಂಗ್ ಉಳ್ದದ್ದ್ ಅದೊಂದೇ." ಆಮೇಲೆ ನನ್ನತ್ತ ತಿರುಗಿದರು. "ಗೊತ್ತಿಲ್ದಿರೆ ಕೇಣ್ಕ್ ಅಲ್ದಾ, ಮಗಾ?" ಕೇಳಬೇಕಿತ್ತು ಎನ್ನುತ್ತಿದ್ದಾರೆಂಬುದು ಈ ಸಲ ನನಗೂ ತಿಳಿಯಿತು.

ನಾಲ್ಕು ಬೆಳಗು ತೀರದುದ್ದಕ್ಕೂ ಹುಡುಕಿದೆ. ಸಿಕ್ಕಿದ್ದು ಬರೀ ತೆಂಗಿನ ಬೊಡ್ಡೆಗಳು. ಆಮೇಲೆ ಹಲಸಿನ ಮರವನ್ನೇ ತಂದು, ಅದೇ ಅಳತೆಯ ಚೌಕಟ್ಟು ಮಾಡಿ ಉಪ್ಪುಂದಕ್ಕೆ ಹೋದೆ. ಮುತ್ತಕ್ಕ ಅದರ ಎಡಗಂಬವನ್ನು ಅಂಗೈಯಿಂದ ಮೇಲಿಂದ ಕೆಳಗೆ ಸವರಿದರು. "ಕೆಲ್ಸ ಚಂದ ಇತ್ತ್. ಬಾಡಿಗಿ ಕೋಣಿಗೆ ಇದ್ ಎಂತಕ್ಕೆ? ವಾಪಾಸ್ ತಕಂಡ್ ಹೋಯ್ನಿ," ಎಂದು ಅನ್ನ, ಮೀನುಸಾರು ಬಡಿಸಿದರು. ಎದುರು ಕೂತು ಉಣ್ಣಿಸಿದರು. ಆರು ತಿಂಗಳಿಗೆ ಆಕೆ ತೀರಿಕೊಂಡ ಸುದ್ದಿ ಬಂತು.

ಈಗ ಏಳು ವರ್ಷ. ಒಂದು ಮಾತು ತಿಳಿಯದಿದ್ದರೂ ಕೆಲಸ ನಿಲ್ಲಿಸಿ ಕೇಳುತ್ತೇನೆ. ನಗುವವರು ನಗುತ್ತಾರೆ. ಇಲ್ಲಿಯವರಿಗೆ ನಾನು ಇಂದಿಗೂ "ಘಟ್ಟದ ಮೇಲಿನ ಆಚಾರಿ". ಮೊನ್ನೆ ಅವ್ವ ಫೋನಿನಲ್ಲಿ, "ನಿಮ್ಮೂರಾಗ ಮಳಿ ಶುರು ಆತೇನೋ?" ಎಂದಳು. ನನ್ನೂರು ನೀನಿರುವ ಊರೇ ಅಲ್ಲವೇ ಅವ್ವ, ಎನ್ನಲು ಬಾಯಿ ತೆರೆದೆ. ಹೊರಗೆ ಕಡಲು ಮೊರೆಯುತ್ತಿತ್ತು.

"ಹ್ಞೂಂ, ಶುರು ಆತು," ಎಂದೆ.